ಹೊಸ ಪ್ರಭೇದದ ವರ್ಣನೆ: ಮಲಯದ ಬಸವನಹುಳುಗಳನ್ನು ಕುರಿತ ಮೂರು ಪ್ರಬಂಧಗಳ ವಿಮರ್ಶೆ

ಹೊಸ ಪ್ರಭೇದವೊಂದರ ವರ್ಣನೆಯನ್ನು ವಿಮರ್ಶೆಗೆ ಅರ್ಹವಾದ ಬರವಣಿಗೆಯೆಂದು ಎಣಿಸುವವರು ವಿರಳ. ಹೆಸರಿಗಾಗಿ ಅದನ್ನು ನೋಡುತ್ತಾರೆ, ಅಳತೆಗಳಿಗಾಗಿ ಪುಟ ತಿರುವುತ್ತಾರೆ. ಒಂದು ವಾದವೆಂದು ಅದನ್ನು ಓದುವ ವಾಡಿಕೆ ನಮ್ಮಲ್ಲಿ ಇನ್ನೂ ಬಲವಾಗಿ ಬೇರೂರಿಲ್ಲ. ವಸ್ತುತಃ ಪ್ರತಿಯೊಂದು ವರ್ಣನೆಯೂ ಒಂದು ವಾದವೇ ಸರಿ. ಈ ಜೀವಿ ಇದುವರೆಗೆ ಹೆಸರು ಪಡೆದ ಯಾವುದರೊಡನೆಯೂ ಒಂದಾಗದು ಎಂಬ ಪ್ರತಿಜ್ಞೆಯನ್ನು ಮುಂದಿಟ್ಟು, ಅದಕ್ಕೆ ತಕ್ಕ ಸಾಕ್ಷ್ಯವನ್ನು ಒದಗಿಸುವುದು ಅದರ ಕಾರ್ಯ. ಮುಂದಿನ ವಿದ್ವಾಂಸನು ಆ ಸಾಕ್ಷ್ಯವನ್ನು ಪರೀಕ್ಷಿಸಿ ಪ್ರತಿಜ್ಞೆಯನ್ನು ಒಪ್ಪಬೇಕು, ಇಲ್ಲವೆ ತಳ್ಳಿಹಾಕಬೇಕು. ಅವನಿಗೆ ಈ ಅವಕಾಶವನ್ನು ಎಷ್ಟರಮಟ್ಟಿಗೆ ಉಳಿಸಿಕೊಟ್ಟಿದೆ ಎಂಬುದೇ ವರ್ಣನೆಯ ಬೆಲೆಯನ್ನು ಅಳೆಯುವ ಒರೆಗಲ್ಲು. ಮಲಯ ಪರ್ಯಾಯದ್ವೀಪದ ನೆಲವಾಸಿ ಬಸವನಹುಳುಗಳನ್ನು ಕುರಿತ ಮೂರು ಪ್ರಬಂಧಗಳನ್ನು ಈ ಒರೆಗಲ್ಲಿಗೆ ಹಚ್ಚಿ ನೋಡುವುದು ಪ್ರಕೃತ ಲೇಖನದ ಉದ್ದೇಶ.

ಮಲಯದ ಪ್ರಾಣಿಗಳನ್ನೇ ಆರಿಸಿಕೊಂಡುದಕ್ಕೆ ಕಾರಣವುಂಟು. ಬಸವನಹುಳುವಿಗೆ ಚಿಪ್ಪು ಕಟ್ಟಲು ಕ್ಯಾಲ್ಸಿಯಂ ಬೇಕು. ಅದು ಹೇರಳವಾಗಿ ದೊರೆಯುವುದು ಸುಣ್ಣಕಲ್ಲಿನಲ್ಲಿ. ಮಲಯದ ಸುಣ್ಣಕಲ್ಲಿನ ಗುಡ್ಡಗಳು ಕಡಲ ನಡುವಣ ದ್ವೀಪಗಳಂತೆ ಬಯಲಿನಲ್ಲಿ ಬಿಡಿಬಿಡಿಯಾಗಿ, ಕಡಿದಾಗಿ ಎದ್ದು ನಿಂತಿವೆ. ಕೆಲವೇ ಮಿಲಿಮೀಟರು ಉದ್ದದ ಪ್ರಾಣಿಗೆ ಎರಡು ಗುಡ್ಡಗಳ ನಡುವಣ ಸುಣ್ಣವಿಲ್ಲದ ನೆಲ ಸುಲಭವಾಗಿ ದಾಟುವಂಥದಲ್ಲ. ಆದುದರಿಂದ ಒಂದೊಂದು ಗುಡ್ಡದಲ್ಲಿಯೂ ಅಲ್ಲಿಗೇ ಸೀಮಿತವಾದ ಪ್ರಭೇದಗಳು ರೂಪುಗೊಂಡಿವೆ. ಇತ್ತ ಸಿಮೆಂಟಿಗೂ ಮೂಲವಸ್ತು ಅದೇ ಸುಣ್ಣಕಲ್ಲು. ಗುಡ್ಡವನ್ನು ಪೂರ್ತಿಯಾಗಿ ಕಡಿದು ಸಾಗಿಸಿದಾಗ ಅಲ್ಲಿನ ಪ್ರಭೇದಕ್ಕೆ ಬೇರೆ ನೆಲೆಯಿರುವುದಿಲ್ಲ. ಅನಂತರ ಉಳಿಯುವುದು ಸಂಗ್ರಹಾಲಯದ ಚಿಪ್ಪು ಮತ್ತು ಅದನ್ನು ಕುರಿತ ಬರವಣಿಗೆ ಮಾತ್ರ.

ಮೊದಲನೆಯ ಪ್ರಬಂಧ 1952ರದು. ಆಂಸ್ಟರ್ಡ್ಯಾಮಿನ ಪ್ರಾಣಿಶಾಸ್ತ್ರ ಸಂಗ್ರಹಾಲಯದಲ್ಲಿದ್ದ ಟೆರಾ ವಾನ್ ಬೆಂಥೆಮ್ ಯುಟಿಂಗ್ ಅವರು ಸಿಂಗಪುರದ ರಾಫಲ್ಸ್ ಮ್ಯೂಸಿಯಮ್ಮಿನ ಬುಲೆಟಿನ್ನಿನಲ್ಲಿ ಒಪಿಸ್ತೊಸ್ತೋಮ ಜಾತಿಯ ಮಲಯ ಪ್ರಭೇದಗಳನ್ನು ವಿವರಿಸಿದರು. ಈ ಜಾತಿಗೂ ನಮ್ಮ ನಾಡಿನ ನೆರೆಗೂ ಹಳೆಯ ನಂಟು: ವಿಲಿಯಂ ಮತ್ತು ಹೆನ್ರಿ ಬ್ಲ್ಯಾನ್‌ಫರ್ಡ್ ಸೋದರರು 1860ರಲ್ಲಿ ನೀಲಗಿರಿಯ ಚಿಪ್ಪೊಂದನ್ನು ಆಧರಿಸಿ ಇದನ್ನು ಸ್ಥಾಪಿಸಿದರು. ಚಿಪ್ಪಿನ ಕೊನೆಯ ಸುತ್ತು ತನ್ನ ಅಚ್ಚನ್ನು ಬಿಟ್ಟು ಹಿಂದಕ್ಕೆ ತಿರುಗುವುದರಿಂದ ಬಾಯಿ ವಿರುದ್ಧ ದಿಕ್ಕನ್ನು ನೋಡುತ್ತದೆ. ಜಾತಿಯ ಗ್ರೀಕ್ ಹೆಸರು ಇದನ್ನೇ ಸೂಚಿಸುತ್ತದೆ. ಯುಟಿಂಗ್ ಅವರ ಪ್ರಬಂಧದ ಹೆಚ್ಚುಗಾರಿಕೆಯೆಂದರೆ, ಅಂದಿನವರೆಗೆ ವರ್ಣಿತವಾದ ಎಲ್ಲ ಪ್ರಭೇದಗಳ ಪಟ್ಟಿಯನ್ನು ಅವರು ಜೊತೆಗಿರಿಸಿದುದು. ಹೊಸದನ್ನು ಹೊಸದೆನ್ನುವ ಮೊದಲು ಹಳೆಯದೆಲ್ಲವನ್ನೂ ಸಾಲಾಗಿ ನಿಲ್ಲಿಸಬೇಕೆಂಬ ಶಿಸ್ತು ಇಲ್ಲಿ ಎದ್ದುಕಾಣುತ್ತದೆ.

ಆ ಪ್ರಬಂಧದಲ್ಲಿ ಹೆಸರು ಪಡೆದ ಪ್ರಭೇದಗಳಲ್ಲಿ ಒಂದು ಪಹಾಂಗ್ ರಾಜ್ಯದ ಬುಕಿತ್ ಪಂಚಿಂಗ್ ಗುಡ್ಡದ ಸ್ಕಿಯಾಫಿಲಂ. ಈ ಹೆಸರಿಗೆ ನೆರಳನ್ನು ಪ್ರೀತಿಸುವುದು ಎಂದರ್ಥ. ಇಪ್ಪತ್ತೊಂದನೆಯ ಶತಮಾನದ ಮೊದಲ ದಶಕದಲ್ಲಿ ಕಲ್ಲುಗಣಿ ಆ ಗುಡ್ಡವನ್ನೇ ನುಂಗಿತು. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯಲ್ಲಿ ಈ ಪ್ರಭೇದ ಇಂದು ನಷ್ಟವಾದವುಗಳ ಸಾಲಿಗೆ ಸೇರಿದೆ. ನೆರಳೂ ಇಲ್ಲ, ನೆರಳನ್ನು ಬಯಸಿದ ಪ್ರಾಣಿಯೂ ಇಲ್ಲ. 1952ರ ವರ್ಣನೆ ಚಿಪ್ಪಿಗಷ್ಟೇ ಸೀಮಿತವಾದುದು ಅಂದಿನ ಕಾಲಕ್ಕೆ ಸಹಜವಾಗಿದ್ದಿತು. ಆದರೆ ಪ್ರಾಣಿಯ ಮೃದುಭಾಗ ಹೇಗಿತ್ತು, ಅದು ಹೇಗೆ ಬಾಳಿತು ಎಂಬ ಪ್ರಶ್ನೆಗಳಿಗೆ ಇನ್ನು ಉತ್ತರ ಹುಡುಕಲು ಗುಡ್ಡವಿಲ್ಲ. ಅಲ್ಲಿ ಬರೆಯದೆ ಉಳಿದುದು ಶಾಶ್ವತವಾಗಿ ಉಳಿದೇಹೋಯಿತು.

ಎರಡನೆಯ ಪ್ರಬಂಧವನ್ನು 2014ರಲ್ಲಿ ಲ್ಯೂ ಥೋರ್ ಸೆಂಗ್, ವೆರ್ಮ್ಯೂಲೆನ್, ಮರ್ಜುಕಿ ಮತ್ತು ಸ್ಖಿಲ್ತ್‌ಹೈಜನ್ ಜೂಕೀಸ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಒಪಿಸ್ತೊಸ್ತೋಮದ ಉಪಜಾತಿಯಾಗಿದ್ದ ಪ್ಲೆಕ್ಟೊಸ್ತೋಮವನ್ನು ಅವರು ಸ್ವತಂತ್ರ ಜಾತಿಯ ಸ್ಥಾನಕ್ಕೇರಿಸಿದರು. ಸ್ಕಿಯಾಫಿಲಂ ಈಗ ಇದಕ್ಕೆ ಸೇರಿದುದು. ಬೋರ್ನಿಯೋ ದ್ವೀಪವನ್ನು ಬಿಟ್ಟು ಉಳಿದೆಡೆಯ 31 ಪ್ರಭೇದಗಳನ್ನು ಪರಿಷ್ಕರಿಸಿ, ಅವುಗಳಲ್ಲಿ 10ನ್ನು ಹೊಸದಾಗಿ ವರ್ಣಿಸಿದರು. ಪರಿಶೀಲಿಸಿದ ಸಂಗ್ರಹಗಳು 214. 29 ಪ್ರಭೇದಗಳಿಗೆ 155 ತ್ರಿಪರಿಮಾಣ ಪ್ರತಿರೂಪಗಳು. 19 ಪ್ರಭೇದಗಳಿಂದ ಒಂದೇ ವಂಶವಾಹಿಯ 51 ಅನುಕ್ರಮಗಳು. ಸೂಕ್ಷ್ಮ ಎಕ್ಸ್-ರೇ ತಂತ್ರದಿಂದ ಚಿಪ್ಪನ್ನು ಒಡೆಯದೆ ಅದರ ಒಳಗನ್ನು ಕಂಡುದು ಯುಟಿಂಗ್ ಅವರಿಗೆ ದೊರೆಯದಿದ್ದ ಸೌಲಭ್ಯ.

ಈ ಕೃತಿಯ ಪಾಂಡಿತ್ಯ ನಿರ್ವಿವಾದ. ಆದರೂ ಎರಡು ಮಾತು ಹೇಳಬೇಕಾಗಿದೆ. ಮೊದಲನೆಯದಾಗಿ, ಮೇಲಿನ ಅಂಕಿಗಳನ್ನು ಕಳೆದು ನೋಡಿದರೆ 12 ಪ್ರಭೇದಗಳಿಗೆ ವಂಶವಾಹಿಯ ಸಾಕ್ಷ್ಯವಿಲ್ಲ. ಇದು ದೋಷವಲ್ಲ, ಹಳೆಯ ಖಾಲಿ ಚಿಪ್ಪಿನಿಂದ ಅದನ್ನು ಪಡೆಯುವುದು ದುಸ್ಸಾಧ್ಯ. ಆದರೆ ಪಟ್ಟಿಯಲ್ಲಿ 31 ಹೆಸರುಗಳೂ ಒಂದೇ ಅಚ್ಚಿನಲ್ಲಿ ನಿಲ್ಲುವುದರಿಂದ, ಅವುಗಳ ಹಿಂದಿನ ಸಾಕ್ಷ್ಯದ ತೂಕವೂ ಸಮಾನವೆಂಬ ಭ್ರಮೆ ಅಭ್ಯಾಸಿಗೆ ಉಂಟಾಗಬಹುದು. ಹೆಸರನ್ನು ಉದ್ಧರಿಸುವವರು ಅದರ ಆಧಾರವನ್ನೂ ಹೇಳುವುದು ಮೇಲು. ಎರಡನೆಯದಾಗಿ, ಚಿತ್ರಗಳನ್ನೂ ವಿವರಗಳನ್ನೂ ಹಲವು ಅಂತರಜಾಲ ತಾಣಗಳೊಡನೆ ಬೆಸೆದುದು ಈ ಕೃತಿಯ ವಿಶೇಷ. ಅವುಗಳಲ್ಲಿ ಒಂದಾದ ಲೈಫ್‌ಡೆಸ್ಕ್ಸ್ ಅನಂತರ ಮುಚ್ಚಿಹೋಯಿತು. ಪ್ರಬಂಧದ ಪಾಠವೂ ಸಂಗ್ರಹಾಲಯದ ಚಿಪ್ಪುಗಳೂ ಉಳಿದಿರುವುದರಿಂದ ವಾದಕ್ಕೆ ಕೇಡಿಲ್ಲ. ಆದರೆ ಸಾಕ್ಷ್ಯವನ್ನು ಎಲ್ಲಿ ಇಡಬೇಕೆಂಬ ಪ್ರಶ್ನೆಯಲ್ಲಿ 1952ರ ಮುದ್ರಿತ ಪುಟ ಇನ್ನೂ ಪಾಠ ಹೇಳುವ ಸ್ಥಿತಿಯಲ್ಲಿದೆ.

ಮೂರನೆಯದು ಚಿಕ್ಕ ಪ್ರಬಂಧ. ವೆರ್ಮ್ಯೂಲೆನ್ ಮತ್ತು ಮರ್ಜುಕಿ 2014ರಲ್ಲಿಯೇ ಬಸ್ತೀರಿಯ ಪತ್ರಿಕೆಯಲ್ಲಿ ಪೆರಾಕ್ ರಾಜ್ಯದ ಗುನುಂಗ್ ಕಂಥಾನ್ ಬೆಟ್ಟದ ಪ್ರಭೇದವೊಂದಕ್ಕೆ ಚರೋಪ ಲಫಾರ್ಜೈ ಎಂದು ಹೆಸರಿಟ್ಟರು. ಆ ಬೆಟ್ಟದಲ್ಲಿ ಆಗ ಕಲ್ಲುಗಣಿ ನಡೆಸುತ್ತಿದ್ದ ಲಫಾರ್ಜ್ ಸಿಮೆಂಟ್ ಸಂಸ್ಥೆಯನ್ನೇ ಈ ಹೆಸರು ನೆನಪಿಸುತ್ತದೆ. ಹೆಸರು ಜನರ ಬಾಯಲ್ಲಿ ಬಹಳವಾಗಿ ಆಡಿತು. ಗೌರವಾರ್ಥವಾಗಿ ಹೆಸರಿಡುವ ರೂಢಿಯನ್ನು ಹೊಣೆ ನೆನಪಿಸಲು ಬಳಸಿದುದು ಜಾಣ್ಮೆಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ಹೆಸರು ಸಾಕ್ಷ್ಯವಾಗದು. ಒಪ್ಪುವಂತಿಲ್ಲವೆಂಬ ಕಾರಣಕ್ಕೆ ಹೆಸರನ್ನು ತೆಗೆದುಹಾಕಲು ಪ್ರಾಣಿನಾಮಕರಣ ಸಂಹಿತೆ ಆಸ್ಪದ ಕೊಡುವುದೂ ಇಲ್ಲ. ಬೆಟ್ಟ ಉಳಿದರೆ ಅದು ಬಿರುದಾದೀತು, ಅಳಿದರೆ ಶಾಸನಕಲ್ಲಾದೀತು.

ನಮ್ಮ ದೃಷ್ಟಿಯಲ್ಲಿ ಈ ಪ್ರಬಂಧದ ನಿಜವಾದ ಗುಣಗಳು ಬೇರೆ ಎರಡು. ಚರೋಪ ಎಂಬ ಜಾತಿನಾಮವನ್ನು ಲೇಖಕರು ಉದ್ಧರಣ ಚಿಹ್ನೆಯೊಳಗಿಟ್ಟು, ಜಾತಿನಿರ್ಣಯ ಇನ್ನೂ ತಾತ್ಕಾಲಿಕವೆಂದು ಒಪ್ಪಿಕೊಂಡಿದ್ದಾರೆ. ಪ್ರಭೇದವು ಕಿರಿದಾದ ನೆಲೆಗೆ ಸೀಮಿತವೆನ್ನುವಲ್ಲಿ ಅದನ್ನು ಊಹೆಯೆಂದೇ ಕರೆದಿದ್ದಾರೆ. ಈ ಎಚ್ಚರ ಅಗತ್ಯವಾದುದು. ಬೇರೆಲ್ಲಿಯೂ ಇಲ್ಲವೆಂಬುದು ಅಭಾವವನ್ನು ಕುರಿತ ಮಾತು. ಎಲ್ಲೆಲ್ಲಿ ಹುಡುಕಲಾಯಿತು ಎಂಬ ದಾಖಲೆಯೊಂದೇ ಅದಕ್ಕೆ ಬಲ ಕೊಡಬಲ್ಲದು. ಒಂದು ಬೆಟ್ಟವನ್ನು ಉಳಿಸಬೇಕೆಂಬ ವಾದ ಇಂಥ ದಾಖಲೆಯ ಮೇಲೆ ನಿಲ್ಲುವುದರಿಂದ, ದೊರೆಯದ ಸ್ಥಳಗಳ ಪಟ್ಟಿಗೂ ದೊರೆತ ಸ್ಥಳದಷ್ಟೇ ಬೆಲೆಯುಂಟು.

ಗುಡ್ಡಗಳು ಕರಗುತ್ತಿರುವಾಗ ವಿಸ್ತಾರವಾದ ವರ್ಣನೆಗೆ ಕಾಲವೆಲ್ಲಿ, ಬೇಗನೆ ಹೆಸರಿಡುವುದೇ ಮೇಲಲ್ಲವೇ ಎಂಬ ಆಕ್ಷೇಪವನ್ನು ಅಲಕ್ಷಿಸುವಂತಿಲ್ಲ. ಹೆಸರಿಲ್ಲದ ಪ್ರಾಣಿ ಯಾವ ರಕ್ಷಣೆಯ ಪಟ್ಟಿಗೂ ಸೇರದು. ಆದರೆ ಬದುಕಿರುವ ಪ್ರಭೇದದ ಕೊರೆಯಾದ ವರ್ಣನೆಯನ್ನು ನಾಳೆ ತುಂಬಿಕೊಳ್ಳಬಹುದು. ಅಳಿದುಹೋದುದನ್ನು ತುಂಬುವ ಬಗೆಯಿಲ್ಲ. ಸಂಹಿತೆ ಕೇಳುವುದು ಅಲ್ಪ: ಬೇರ್ಪಡಿಸುವ ಲಕ್ಷಣಗಳನ್ನು ಮಾತಿನಲ್ಲಿ ಹೇಳಬೇಕು, 2000ದಿಂದೀಚೆಗೆ ಹೆಸರನ್ನು ಹೊರುವ ಮಾದರಿಯನ್ನು ಸ್ಪಷ್ಟವಾಗಿ ಗೊತ್ತುಪಡಿಸಬೇಕು. ವಿಮರ್ಶಕನು ಇದಕ್ಕಿಂತ ತುಸು ಹೆಚ್ಚನ್ನು ಕೇಳಬೇಕು. ಸಮೀಪದ ಪ್ರಭೇದಗಳೊಡನೆ ಹೋಲಿಕೆ, ನೋಡಿದ ಚಿಪ್ಪುಗಳ ಸಂಖ್ಯೆ ಮತ್ತು ಅವುಗಳೊಳಗಿನ ವ್ಯತ್ಯಾಸದ ಮಿತಿ, ದೊರೆತ ಹಾಗೂ ಹುಡುಕಿಯೂ ದೊರೆಯದ ಸ್ಥಳಗಳು, ಮಾದರಿಗಳನ್ನು ಇರಿಸಿದ ಸಂಗ್ರಹಾಲಯ, ಇವು ನಾಲ್ಕೂ ಎರಡು ಪುಟಗಳಲ್ಲಿ ಅಡಗಬಲ್ಲವು. ಅವಸರ ಇವುಗಳಿಗೆ ಅಡ್ಡಿಯಾಗದು.

ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು ಪಶ್ಚಿಮ ಘಟ್ಟಗಳಿಂದ ಆಯ್ದು ತರುವ ಚಿಪ್ಪುಗಳಿಗೂ ಈ ಮಾತು ಸಲ್ಲುತ್ತದೆ. ಊರು, ಎತ್ತರ, ದಿನಾಂಕಗಳಿಲ್ಲದ ಚಿಪ್ಪು ಕಪಾಟಿನ ಅಲಂಕಾರ. ಅವುಗಳೊಡನೆ ಅದೊಂದು ಸಾಕ್ಷ್ಯ. ಪ್ರಭೇದದ ವರ್ಣನೆಯನ್ನು ಬರೆಯುವವನು ತನ್ನ ಓದುಗನ ಕೈಯಲ್ಲಿ ಆ ಪ್ರಾಣಿ ಎಂದೂ ಇರಲಾರದೆಂದು ಭಾವಿಸಿ ಬರೆಯತಕ್ಕದ್ದು. ಬುಕಿತ್ ಪಂಚಿಂಗಿನ ವಿಷಯದಲ್ಲಿ ಆ ಭಾವನೆಯೇ ಸತ್ಯವಾಗಿ ಪರಿಣಮಿಸಿದೆ.