ಹಳೆಯ ಧಾಟಿ, ಹೊಸ ಹಾಡು: ‘ಲವ್ ಅಂಡ್ ಥೆಫ್ಟ್’ ಮತ್ತು ಅದರ ಕೇಳುಗರು

ಹಳೆಯದನ್ನು ಎತ್ತಿಕೊಂಡು ಹೊಸದನ್ನು ಕಟ್ಟುವ ಕವಿ ಪೂರ್ವಿಕರ ಉತ್ತರಾಧಿಕಾರಿಯೋ, ಅವರ ಕಣಜಕ್ಕೆ ಕನ್ನ ಹಾಕಿದವನೋ ಎಂಬ ಪ್ರಶ್ನೆ ಸಾಹಿತ್ಯವಿಚಾರದಲ್ಲಿ ಬಹು ಹಳೆಯದು. ಅಮೇರಿಕೆಯ ಗೀತಕಾರ ಬಾಬ್ ಡಿಲನ್ನರ ‘ಲವ್ ಅಂಡ್ ಥೆಫ್ಟ್’ ಎಂಬ ಧ್ವನಿಮುದ್ರಿಕೆ ಕೇಳುಗರಲ್ಲಿ ಎಬ್ಬಿಸಿದ ಚರ್ಚೆ ಇದಕ್ಕೊಂದು ಒಳ್ಳೆಯ ನಿದರ್ಶನ. ‘ಪ್ರೀತಿ ಮತ್ತು ಕಳವು’ ಎಂದು ಆ ಹೆಸರಿನ ಅರ್ಥ. ಕೃತಿಯನ್ನು ಕುರಿತ ವಾದವೆಲ್ಲ ಈ ಎರಡು ಮಾತುಗಳ ನಡುವೆಯೇ ತೂಗಾಡಿತು.

1965ರಲ್ಲಿ ನ್ಯೂಪೋರ್ಟ್ ಜಾನಪದ ಸಂಗೀತೋತ್ಸವದಲ್ಲಿ ಡಿಲನ್ನರು ವಿದ್ಯುತ್ ಗಿಟಾರ್ ಹಿಡಿದು ಹಾಡಿದಾಗ, ಸಂಪ್ರದಾಯವನ್ನು ತೊರೆದರೆಂದು ಕೇಳುಗರಲ್ಲಿ ಹಲವರು ಕೂಗಿ ಪ್ರತಿಭಟಿಸಿದರು. ಮೂವತ್ತಾರು ವರ್ಷಗಳ ಬಳಿಕ, ತಮ್ಮ ಅರವತ್ತನೆಯ ವಯಸ್ಸಿನಲ್ಲಿ, ಅದೇ ಗೀತಕಾರರು ತಾವು ಹುಟ್ಟುವುದಕ್ಕೂ ಹಿಂದಿನ ಧಾಟಿಗಳಿಗೆ ಮರಳಿದರು. ಅಂದು ಹಳೆಯದನ್ನು ಬಿಟ್ಟದ್ದು ತಪ್ಪಾಯಿತು. ಮುಂದೆ ಹಳೆಯದನ್ನು ಅತಿಯಾಗಿ ಹಿಡಿದದ್ದು ತಪ್ಪಾಯಿತು. ಕೇಳುಗರ ನ್ಯಾಯಸ್ಥಾನ ವಿಚಿತ್ರವಾದುದು!

ಈ ಮುದ್ರಿಕೆ ಹೊರಬಂದದ್ದು 2001ರ ಸೆಪ್ಟೆಂಬರ್ 11ರಂದು. ಹನ್ನೆರಡು ಹಾಡುಗಳು, ಒಂದೊಂದಕ್ಕೂ ಒಂದೊಂದು ಹಳೆಯ ಉಡುಪು. ‘ಮೂನ್‌ಲೈಟ್’, ‘ಬೈ ಅಂಡ್ ಬೈ’ ಎಂಬ ಹಾಡುಗಳಲ್ಲಿ 1930ರ ದಶಕದ ಮೆಲುದನಿಯ ಪ್ರೇಮಗೀತೆಗಳ ನಡೆಯಿದೆ. ‘ಸಮರ್ ಡೇಸ್’ ಕುಣಿತದ ಮನೆಗಳ ಲಯದ್ದು. ‘ಹೈ ವಾಟರ್’ ಎಂಬುದು ಬ್ಯಾಂಜೋ ವಾದ್ಯದೊಡನೆ ಸಾಗುವ ಪ್ರಳಯಗೀತ. ಮಿಸಿಸಿಪಿ ನದಿಯ 1927ರ ಮಹಾಪೂರವನ್ನು ಕುರಿತು 1929ರಲ್ಲಿ ಹಾಡಿದ ಕರಿಯ ಗಾಯಕ ಚಾರ್ಲಿ ಪ್ಯಾಟನ್ನರಿಗೆ ಅದು ಅರ್ಪಿತವಾಗಿದೆ. ಇಲ್ಲಿ ಋಣವನ್ನು ತೆರೆದ ಬಾಯಿಯಿಂದ ಒಪ್ಪಿಕೊಂಡಿದ್ದಾರೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು.

ಮೊದಲ ಪ್ರತಿಕ್ರಿಯೆ ಬಹುಮಟ್ಟಿಗೆ ಸಂತೋಷದ್ದೇ. 1997ರ ‘ಟೈಮ್ ಔಟ್ ಆಫ್ ಮೈಂಡ್’ ಮುದ್ರಿಕೆಯ ಮಬ್ಬಿಗೆ ಒಗ್ಗಿದ್ದವರಿಗೆ ಇಲ್ಲಿಯ ನಗೆಮಾತು, ಶ್ಲೇಷೆ, ಲವಲವಿಕೆಗಳು ಅಚ್ಚರಿ ತಂದುವು. ನ್ಯೂಯಾರ್ಕಿನ ‘ವಿಲೇಜ್ ವಾಯ್ಸ್’ ಪತ್ರಿಕೆ ನಡೆಸಿದ ವಿಮರ್ಶಕರ ಮತಗಣನೆಯಲ್ಲಿ ಆ ವರ್ಷದ ಪ್ರಥಮಸ್ಥಾನ ಇದಕ್ಕೇ ಸಂದಿತು. ಒಡೆದ ಕಂಠ ಇಂಥ ನವಿರು ಧಾಟಿಗೆ ಸಲ್ಲದೆಂಬ ಆಕ್ಷೇಪಕ್ಕೆ ಎಡೆಯಿಲ್ಲದಿಲ್ಲ. ಆದರೆ ಹಳೆಯ ಹಾಡು ಹೊಸ ಪಾಲೀಷಿನಿಂದ ಮಿರುಗದೆ, ಬದುಕಿ ಬಳಲಿದವನ ಬಾಯಿಂದ ಬಂದುದರಿಂದಲೇ ಅದು ಬರಿಯ ಅನುಕರಣವಾಗದೆ ಉಳಿಯಿತೆಂದು ನನ್ನ ಮತ.

2003ರಲ್ಲಿ ಗಾಳಿ ತಿರುಗಿತು. ಜಪಾನಿನ ವೈದ್ಯ ಜುನಿಚಿ ಸಾಗಾ ಅವರು ಒಬ್ಬ ಮುದಿ ಪಾತಕಿಯ ಜೀವನವನ್ನು ಕುರಿತು ಬರೆದ ಪುಸ್ತಕದ ಇಂಗ್ಲಿಷ್ ಅನುವಾದದಿಂದ ಹಲವು ನುಡಿಗಳು, ಅಲ್ಪಸ್ವಲ್ಪ ಬದಲಾವಣೆಯೊಡನೆ, ಈ ಹಾಡುಗಳಲ್ಲಿ ಸೇರಿವೆಯೆಂಬ ವರದಿ ‘ವಾಲ್ ಸ್ಟ್ರೀಟ್ ಜರ್ನಲ್’ನಲ್ಲಿ ಪ್ರಕಟವಾಯಿತು. ಅದನ್ನು ಗುರುತಿಸಿದವನು ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಒಬ್ಬ ಉಪಾಧ್ಯಾಯ! ಸಾಗಾ ಅವರು ಮುನಿಯದೆ ಸಂತೋಷವನ್ನೇ ಸೂಚಿಸಿದರು. ಕೇಳುಗರು ಮಾತ್ರ ಎರಡು ಪಕ್ಷವಾದರು. 2010ರಲ್ಲಿ ಗೀತಕಾರ್ತಿ ಜೋನಿ ಮಿಚೆಲ್ ಅವರು ಡಿಲನ್ನರನ್ನು ಕೃತಿಚೋರರೆಂದೇ ಕರೆದರು. ಜಾನಪದದಲ್ಲೂ ಜಾಜ್‌ನಲ್ಲೂ ಉದ್ಧರಣೆ ಸಮೃದ್ಧವಾದ ಸಂಪ್ರದಾಯವೆಂಬುದು 2012ರಲ್ಲಿ ಡಿಲನ್ನರು ಕೊಟ್ಟ ಸಮಾಧಾನ.

ಮುದ್ರಿಕೆಯ ಹೆಸರೂ ಎರವಲಿನದೇ. ಬಿಳಿಯ ನಟರು ಮುಖಕ್ಕೆ ಮಸಿ ಬಳಿದು ಕರಿಯರ ಹಾಡು-ಕುಣಿತಗಳನ್ನು ಅಣಕಿಸುತ್ತಿದ್ದ ಹತ್ತೊಂಬತ್ತನೆಯ ಶತಮಾನದ ರಂಗಪದ್ಧತಿಯನ್ನು ಕುರಿತು ಎರಿಕ್ ಲಾಟ್ ಅವರು 1993ರಲ್ಲಿ ಬರೆದ ಗ್ರಂಥದ ಹೆಸರದು. ಡಿಲನ್ನರು ಅದನ್ನು ಉದ್ಧರಣ ಚಿಹ್ನೆಗಳೊಳಗೇ ಅಚ್ಚು ಹಾಕಿಸಿದ್ದಾರೆ. ಕವಿ ತನ್ನ ಅಪರಾಧಪತ್ರವನ್ನು ತಾನೇ ಹೊದಿಕೆಯ ಮೇಲೆ ಬರೆದಂತಾಯಿತು. ಆದರೆ ‘ನಾನು ಕದ್ದೆ’ ಎಂದರೆ ಸಾಕೆ? ಯಾರಿಂದ ಎಂದೂ ಹೇಳಬೇಡವೆ?

ವಿಮರ್ಶಕನು ಇಲ್ಲಿ ಮೂರನ್ನು ಬೇರ್ಪಡಿಸಿ ನೋಡಬೇಕು. ಶೈಲಿ ಯಾರೊಬ್ಬರ ಸ್ವತ್ತೂ ಅಲ್ಲ. ಷಟ್ಪದಿಯಲ್ಲಿ ಬರೆದವರೆಲ್ಲ ಕುಮಾರವ್ಯಾಸನ ಚೋರರೆನ್ನಲಾಗದು. ಧಾಟಿ ಅರ್ಧ ಸಾರ್ವಜನಿಕವಾದುದು. ನಮ್ಮಲ್ಲಿ ಹಾಡಿನ ತಲೆಯ ಮೇಲೆ ‘ಇಂಥ ಹಾಡಿನ ಧಾಟಿ’ ಎಂದು ಬರೆಯುವ ಒಳ್ಳೆಯ ರೂಢಿಯಿತ್ತು. ನುಡಿಯಾದರೋ ಬರೆದವನದು. ಸಾಗಾ ಅವರ ಮಾತುಗಳು ಹಾಡಿನಲ್ಲಿ ಹೊಸ ಜೀವ ಪಡೆದಿವೆ ಎಂಬುದು ನಿಜ. ಕಥನದ ಬಿಡಿಮಾತು ಅಲ್ಲಿ ಪ್ರಾಸಕ್ಕೂ ಲಯಕ್ಕೂ ಸಿಕ್ಕಿ ಬೇರೊಂದು ಬಾಳಿನ ಮಾತಾಗಿದೆ. ಆದುದರಿಂದ ಕಾವ್ಯದೃಷ್ಟಿಯಿಂದ ಅದು ಗೆಲುವು. ಆದರೆ ಪ್ಯಾಟನ್ನರಿಗೆ ಸಂದ ಒಂದು ಸಾಲಿನ ಗೌರವ ಸಾಗಾ ಅವರಿಗೂ ಸಲ್ಲಬೇಕಿತ್ತು. ಅದು ಸಲ್ಲದಿದ್ದುದು ಲೋಪವೇ. 2016ರ ನೊಬೆಲ್ ಪಾರಿತೋಷಕವೂ ಆ ಲೋಪವನ್ನು ತುಂಬದು.

ಕಾವ್ಯಾರಂಭದಲ್ಲಿ ಪೂರ್ವಕವಿಗಳನ್ನು ಸ್ಮರಿಸುವುದು ನಮ್ಮ ಹಳೆಯ ಕವಿಗಳ ಮರ್ಯಾದೆ. ಆ ಸ್ಮರಣೆಯಿಂದ ಅವರು ಸಣ್ಣವರಾಗಲಿಲ್ಲ. ಮಕ್ಕಳ ಪ್ರಬಂಧಗಳನ್ನು ತಿದ್ದುವ ನಾವು ‘ಎರವಲು ತರಬೇಡ’ ಎನ್ನುವುದಕ್ಕಿಂತ ‘ತಂದದ್ದನ್ನು ನಿನ್ನದಾಗಿಸು, ಕೊಟ್ಟವರ ಹೆಸರು ಹೇಳು’ ಎಂದು ಕಲಿಸುವುದು ಮೇಲು. ಡಿಲನ್ನರು ಈ ಪಾಠದ ಮೊದಲರ್ಧದಲ್ಲಿ ಮಹಾಪ್ರವೀಣರು. ಉಳಿದರ್ಧವನ್ನು ಅವರ ಕೇಳುಗರು ಕಲಿಸಿದರು.