1,68,000ರ ಲೆಕ್ಕ: ಒಂದು ಪ್ರಸಿದ್ಧ ಅಧ್ಯಯನದ ಮರುಓದು

ನ್ಯುಮೋಕಾಕಸ್ ಎಂಬ ಬ್ಯಾಕ್ಟೀರಿಯಾದ ವಿರುದ್ಧದ ಲಸಿಕೆಯ ಮಾತು ಬಂದಲ್ಲೆಲ್ಲ ಒಂದು ಸಂಖ್ಯೆ ತಪ್ಪದೆ ಎದುರಾಗುತ್ತದೆ. ಅಮೆರಿಕದಲ್ಲಿ ಎಳೆಯ ಮಕ್ಕಳಿಗೆ ಈ ಲಸಿಕೆ ಹಾಕತೊಡಗಿದ ಮೇಲೆ ಎಲ್ಲ ವಯಸ್ಸಿನವರೂ ಸೇರಿ ವರ್ಷಕ್ಕೆ 1,68,000 ಮಂದಿ ನ್ಯುಮೋನಿಯಾಗೆ ಆಸ್ಪತ್ರೆ ಸೇರುವುದು ತಪ್ಪಿತು ಎಂಬುದು ಆ ಲೆಕ್ಕ. ಮೂಲ, ಮೇರಿ ಗ್ರಿಫಿನ್ ಮತ್ತು ಸಂಗಡಿಗರು 2013ರ ಜುಲೈಯಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಪ್ರಕಟಿಸಿದ ಲೇಖನ. ಅದನ್ನು ಮತ್ತೆ ಮತ್ತೆ ಓದಿದ ಮೇಲೆ ನನಗೆ ಅನ್ನಿಸಿರುವುದು ಇಷ್ಟು: ಲೇಖನ ಒಳ್ಳೆಯದು, ಆದರೆ ಅದಕ್ಕೆ ಸಿಕ್ಕ ಕೀರ್ತಿ ಸಲ್ಲಬೇಕಾದ ಭಾಗಕ್ಕೆ ಸಂದಿಲ್ಲ. ಮಕ್ಕಳ ಬಗ್ಗೆ ಅದು ಹೇಳುವುದು ಗಟ್ಟಿ. ಮುದುಕರ ಬಗ್ಗೆ ಹೇಳುವುದು ಸಡಿಲ. ಹೊಗಳಿಕೆ ಮಾತ್ರ ಎರಡನೆಯದಕ್ಕೇ ಹೆಚ್ಚು.

ಅಧ್ಯಯನದ ವಿಧಾನ ಗೊತ್ತಿರುವಂಥದ್ದೇ. ಏಳು ಬಗೆಯ ನ್ಯುಮೋಕಾಕಸ್ ವಿರುದ್ಧದ ಲಸಿಕೆ ಅಲ್ಲಿ ಬಂದದ್ದು 2000ದಲ್ಲಿ. ಅದಕ್ಕೆ ಮೊದಲಿನ 1997–99ರ ದಾಖಲಾತಿ ಪ್ರಮಾಣವನ್ನು 2007–09ರ ಪ್ರಮಾಣದೊಂದಿಗೆ ಹೋಲಿಸಿದ್ದಾರೆ. ಆಧಾರ, ರಾಷ್ಟ್ರಮಟ್ಟದ ಮಾದರಿಯಾಗಿ ಆಯ್ದ ಆಸ್ಪತ್ರೆಗಳ ಡಿಸ್ಚಾರ್ಜ್ ದಾಖಲೆಗಳು. ಎರಡು ವರ್ಷದೊಳಗಿನ ಮಕ್ಕಳಲ್ಲಿ ಲಕ್ಷಕ್ಕೆ 551ರಷ್ಟು ಇಳಿಕೆ, ಅಂದರೆ ವರ್ಷಕ್ಕೆ 47,000 ದಾಖಲಾತಿ ಕಡಿಮೆ. 85 ದಾಟಿದವರಲ್ಲಿ ಲಕ್ಷಕ್ಕೆ 1,300ರಷ್ಟು ಇಳಿಕೆ, ವರ್ಷಕ್ಕೆ 73,000 ಕಡಿಮೆ.

ಇಲ್ಲಿ ನಿಂತು ಲೆಕ್ಕ ಹಾಕಬೇಕು. 1,68,000ದ ಜೊತೆಗಿಟ್ಟು ನೋಡಿದರೆ ಲಸಿಕೆ ಪಡೆದ ಎಳೆಯ ಮಕ್ಕಳದ್ದು ಸುಮಾರು ಶೇ 28ರಷ್ಟು, ಈ ಲಸಿಕೆ ಪಡೆಯದ 85 ದಾಟಿದವರದ್ದು ಶೇ 43ರಷ್ಟು. ಮಕ್ಕಳ ಮೂಗು-ಗಂಟಲಿನಲ್ಲಿ ಬ್ಯಾಕ್ಟೀರಿಯಾ ಇಲ್ಲವಾದಾಗ ಅಜ್ಜ-ಅಜ್ಜಿಯರಿಗೆ ಹರಡುವುದೂ ತಪ್ಪುತ್ತದೆ ಎಂಬ ತತ್ವ ಸರಿಯೇ. ಪ್ರಯೋಗಾಲಯದಲ್ಲಿ ಬ್ಯಾಕ್ಟೀರಿಯಾ ದೃಢಪಟ್ಟ ಪ್ರಕರಣಗಳೂ ಅದನ್ನೇ ಹೇಳುತ್ತವೆ: ಲಸಿಕೆಯಲ್ಲಿರುವ ಬಗೆಗಳಿಂದ ಬರುವ ತೀವ್ರ ಸೋಂಕು ವಯೋವೃದ್ಧರಲ್ಲೂ ಬಹುಪಾಲು ಮಾಯವಾಯಿತು. ಪ್ರಶ್ನೆ ಇರುವುದು ಪರಿಣಾಮ ಉಂಟೇ ಎಂಬಲ್ಲಿ ಅಲ್ಲ, ಎಷ್ಟು ಎಂಬಲ್ಲಿ.

ಆ ‘ಎಷ್ಟು’ ನಿಂತಿರುವುದು ಒಂದೇ ಒಂದು ವಾಕ್ಯದ ಮೇಲೆ. ಯಾವ ದಾಖಲಾತಿಯನ್ನು ನ್ಯುಮೋನಿಯಾ ಎಂದು ಎಣಿಸಬೇಕು? ಡಿಸ್ಚಾರ್ಜ್ ದಾಖಲೆಯ ಮೊದಲ ಸಾಲಿನಲ್ಲೇ ನ್ಯುಮೋನಿಯಾ ಇರಬೇಕು. ಇಲ್ಲವೇ ಮೊದಲ ಸಾಲಿನಲ್ಲಿ ಸೆಪ್ಸಿಸ್ (ಸೋಂಕಿನಿಂದ ಅಂಗಾಂಗಗಳು ಕೆಡುವ ಸ್ಥಿತಿ), ಮೆನಿಂಜೈಟಿಸ್ (ಮಿದುಳಿನ ಹೊದಿಕೆಯ ಉರಿಯೂತ) ಅಥವಾ ಎದೆಗೂಡಿನ ಕೀವು ಇದ್ದು, ನ್ಯುಮೋನಿಯಾ ಅದರ ಕೆಳಗೆ ಬಂದಿರಬೇಕು. ಒಂದೂವರೆ ವರ್ಷದ ಮಗು ಉಸಿರಿಗೆ ಏದುತ್ತ ಬಂದರೆ ಮೊದಲ ಸಾಲಿನಲ್ಲಿ ಏನು ಬರೆಯಬೇಕು ಎಂಬ ಗೊಂದಲ ಕಡಿಮೆ. 88 ವರ್ಷದವರ ಕಥೆ ಬೇರೆ. ಹೃದಯ ಸೋತಿರುತ್ತದೆ, ಶ್ವಾಸಕೋಶ ಮೊದಲೇ ಹಾಳಾಗಿರುತ್ತದೆ, ಮೂತ್ರಪಿಂಡ ಕುಂಟುತ್ತಿರುತ್ತದೆ, ಜೊತೆಗೆ ನ್ಯುಮೋನಿಯಾ. ಮೊದಲ ಸಾಲಿಗೆ ಯಾವುದು ಏರುತ್ತದೆ ಎಂಬುದು ವೈದ್ಯರ ರೂಢಿ, ದಾಖಲೆಗೆ ರೋಗದ ಕೋಡ್ ಬರೆಯುವವರ ತರಬೇತಿ, ಹಣ ಪಾವತಿಯ ನಿಯಮ ಎಲ್ಲಕ್ಕೂ ಸೇರಿದ ಸಂಗತಿ. ಅಮೆರಿಕದಲ್ಲಿ 1983ರಿಂದಲೇ ವೃದ್ಧರ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್ ಆಸ್ಪತ್ರೆಗೆ ಕೊಡುವ ದುಡ್ಡು ರೋಗನಿರ್ಣಯದ ವರ್ಗವನ್ನು ಅವಲಂಬಿಸಿದೆ. ಹತ್ತು ವರ್ಷಗಳ ಅಂತರದಲ್ಲಿ ಈ ರೂಢಿ ಕದಲದೆ ಇತ್ತು ಎಂದು ನಂಬುವುದು ಕಷ್ಟ.

ಕದಲಿತು ಎನ್ನುವುದಕ್ಕೆ ಸಾಕ್ಷಿಯೂ ಇದೆ. ಪೀಟರ್ ಲಿಂಡೆನಾಯರ್ ತಂಡ 2012ರಲ್ಲಿ ‘ಜಾಮಾ’ದಲ್ಲಿ ತೋರಿಸಿದಂತೆ, 2003ರಿಂದ 2009ರೊಳಗೆ ಮೊದಲ ಸಾಲಿನ ನ್ಯುಮೋನಿಯಾ ದಾಖಲಾತಿ ಶೇ 27ರಷ್ಟು ಇಳಿಯಿತು, ಅದೇ ಹೊತ್ತಿಗೆ ಸೆಪ್ಸಿಸ್ ಮೊದಲು, ನ್ಯುಮೋನಿಯಾ ನಂತರ ಎಂದು ಬರೆದದ್ದು ಎರಡೂವರೆ ಪಟ್ಟಿಗೂ ಮೀರಿ ಏರಿತು. ಸೆಪ್ಸಿಸ್ ಮತ್ತು ಉಸಿರಾಟ ವೈಫಲ್ಯದ ಕೆಳಗೆ ಬರೆದದ್ದನ್ನೂ ಕೂಡಿಸಿದರೆ ಉಳಿಯುವ ಇಳಿಕೆ ಶೇ 12.5 ಮಾತ್ರ.

ಲಸಿಕೆಯನ್ನು ಒಪ್ಪದವರು ಲಿಂಡೆನಾಯರ್ ತಂಡದ ಲೇಖನವನ್ನು ಹಿಡಿದು ಗ್ರಿಫಿನ್ ಅವರ ಕೆಲಸವನ್ನೇ ತಳ್ಳಿಹಾಕಲು ಹೊರಡುವುದುಂಟು. ಅವರೊಂದಿಗೆ ನನಗೆ ತಕರಾರಿದೆ. ಯಾವುದನ್ನು ನ್ಯುಮೋನಿಯಾ ಎಂದು ಎಣಿಸಬೇಕು ಎಂಬ ಗ್ರಿಫಿನ್ ವಾಕ್ಯವನ್ನು ಅವರು ಓದಿಯೇ ಇಲ್ಲ. ಸೆಪ್ಸಿಸ್ ಮೊದಲ ಸಾಲಿಗೆ ಬಂದವರನ್ನು ಗ್ರಿಫಿನ್ ಎಣಿಕೆಯೊಳಗೇ ಇಟ್ಟುಕೊಂಡಿದ್ದಾರೆ. ಅತಿ ದೊಡ್ಡ ಸೋರಿಕೆಯನ್ನು ಆ ವ್ಯಾಖ್ಯೆ ಮೊದಲೇ ಮುಚ್ಚಿದೆ. ಉಸಿರಾಟ ವೈಫಲ್ಯದ ಕಂಡಿ ತೆರೆದಿದೆ, ಅದು ಚಿಕ್ಕದು. ಆದರೆ 1,68,000ವನ್ನು ಮಂತ್ರದಂತೆ ಜಪಿಸುವವರೂ ಅಷ್ಟೇ ಅವಸರದವರು. ಕೋಡಿನ ಸೋರಿಕೆ ಮುಚ್ಚಿದ ಮಾತ್ರಕ್ಕೆ ಉಳಿದ ಇಳಿಕೆಯೆಲ್ಲ ಲಸಿಕೆಯ ಖಾತೆಗೆ ಜಮೆಯಾಗುವುದಿಲ್ಲ. ಧೂಮಪಾನ ಇಳಿದದ್ದು, ವೃದ್ಧರಿಗೇ ನೇರವಾಗಿ ಕೊಟ್ಟ ಇತರ ಲಸಿಕೆಗಳು, ಹೊರರೋಗಿಯಾಗಿಯೇ ಚಿಕಿತ್ಸೆ ಕೊಡುವ ಪದ್ಧತಿ, ಇವೆಲ್ಲ ಆ ‘ಮೊದಲು–ನಂತರ’ದ ನಡುವೆ ಇವೆ.

ಇಂಗ್ಲೆಂಡ್ ಇದಕ್ಕೆ ಒಳ್ಳೆಯ ಪರೀಕ್ಷೆ. ಅಲ್ಲಿ ಮಕ್ಕಳ ಲಸಿಕೆ ಶುರುವಾದದ್ದು 2006ರಲ್ಲಿ. ಅದಕ್ಕೂ ಮೊದಲು, 1997–98ರಿಂದ 2004–05ರ ನಡುವೆ, ವಯಸ್ಸಿನ ವ್ಯತ್ಯಾಸ ಸರಿಪಡಿಸಿದ ಮೇಲೂ ನ್ಯುಮೋನಿಯಾ ದಾಖಲಾತಿ ಶೇ 34ರಷ್ಟು ಏರಿತ್ತು. ಲಸಿಕೆಯ ಸುಳಿವೇ ಇಲ್ಲದೆ ಮೂರನೇ ಒಂದರಷ್ಟು ಮೇಲೇರಬಲ್ಲ ಅಂಕಿ, ಬೇರೆ ಕಾರಣಗಳಿಂದ ಕೆಳಗೂ ಇಳಿಯಬಲ್ಲದು.

ಅಮೆರಿಕದ ಮಕ್ಕಳ ಅಂಕಿ ಮಾತ್ರ ಈ ಅನುಮಾನವನ್ನು ತಡೆದುಕೊಳ್ಳುತ್ತದೆ. ಗ್ರಿಫಿನ್ ತಂಡದವರೇ ಆದ ಕಾರ್ಲೋಸ್ ಗ್ರಿಜಾಲ್ವಾ 2007ರಲ್ಲೇ ‘ಲ್ಯಾನ್ಸೆಟ್’ನಲ್ಲಿ ತೋರಿಸಿದಂತೆ, 2004ರ ಕೊನೆಯ ಹೊತ್ತಿಗೆ ಎರಡು ವರ್ಷದೊಳಗಿನವರ ನ್ಯುಮೋನಿಯಾ ದಾಖಲಾತಿ ಶೇ 39ರಷ್ಟು ಕುಸಿದಿತ್ತು, ನ್ಯುಮೋಕಾಕಸ್‌ನದೇ ಎಂದು ಗುರುತಿಸಿದ್ದು ಶೇ 65ರಷ್ಟು. ಲಸಿಕೆ ಪಡೆದ ವಯಸ್ಸಿನಲ್ಲೇ, ಅದು ಬಂದ ಕೆಲವೇ ವರ್ಷಗಳಲ್ಲಿ, ಅದು ತಡೆಯಬೇಕಾದ ಬ್ಯಾಕ್ಟೀರಿಯಾದ ಕಾಯಿಲೆಯಲ್ಲೇ ಹೆಚ್ಚಿನ ಇಳಿಕೆ. ನಂಬಬೇಕಾದ ಸಾಕ್ಷ್ಯ ಹೀಗಿರಬೇಕು. ಅದೇ ಹಿಂದೆ ಸರಿದಿದೆ, ದೊಡ್ಡ ಸಂಖ್ಯೆ ಮುಂದೆ ಬಂದಿದೆ.

ಇದು ನಮಗೂ ಸಂಬಂಧಿಸಿದ್ದು. ಭಾರತದಲ್ಲಿ 2017ರಲ್ಲಿ ಕೆಲವೇ ರಾಜ್ಯಗಳಲ್ಲಿ ಶುರುವಾದ ಈ ಲಸಿಕೆ 2021ರಲ್ಲಿ ದೇಶಕ್ಕೆಲ್ಲ ವಿಸ್ತರಿಸಿತು. ಕರ್ನಾಟಕದ ಮಕ್ಕಳಿಗೂ ಈಗ 6 ವಾರ, 14 ವಾರ, 9 ತಿಂಗಳಿಗೆ ಸರ್ಕಾರಿ ಕೇಂದ್ರಗಳಲ್ಲಿ ಉಚಿತವಾಗಿ ಸಿಗುತ್ತದೆ. ವರ್ಷಕ್ಕೆ 50,000ಕ್ಕೂ ಹೆಚ್ಚು ಮಕ್ಕಳ ಸಾವು ತಪ್ಪುತ್ತದೆ ಎಂದು 2021ರ ಕೇಂದ್ರ ಬಜೆಟ್ ಭಾಷಣ ಹೇಳಿತು. ಅದು ನಿಜವಾಯಿತೇ ಎಂದು ನೋಡಬೇಕಾದರೆ ತಾಲ್ಲೂಕು ಆಸ್ಪತ್ರೆಯ ಡಿಸ್ಚಾರ್ಜ್ ಕಾರ್ಡಿನಲ್ಲಿ ಮಗುವಿನ ವಯಸ್ಸು ತಿಂಗಳಲ್ಲಿ, ಲಸಿಕೆಯ ಡೋಸು ದಿನಾಂಕದೊಂದಿಗೆ ಇರಬೇಕು. ಜಿಲ್ಲಾ ಆಸ್ಪತ್ರೆಯಲ್ಲಿ ಆ್ಯಂಟಿಬಯೋಟಿಕ್ ಕೊಡುವ ಮೊದಲೇ ರಕ್ತದ ಕಲ್ಚರ್ ತೆಗೆಯಬೇಕು. ಇವು ಇಲ್ಲದೆ ನಾಳೆ ಯಾರು ಎಷ್ಟು ದೊಡ್ಡ ಸಂಖ್ಯೆ ಹೇಳಿದರೂ ಪರಿಶೀಲಿಸಲು ನಮ್ಮ ಕೈಯಲ್ಲಿ ಏನೂ ಇರುವುದಿಲ್ಲ. ಲಸಿಕೆಯ ಪರ ಮಾತನಾಡುವವರಲ್ಲಿ ನನ್ನ ಕೋರಿಕೆ: 47,000ವನ್ನು ಧೈರ್ಯವಾಗಿ ಹೇಳಿ. 1,68,000ವನ್ನು ಅದರ ಷರತ್ತುಗಳನ್ನು ಬಿಟ್ಟು ಹೇಳಬೇಡಿ.