ಚಾರ್ಲಿ ಬ್ರೌನ್‌ನ ಬಡಕಲು ಮರ ಮತ್ತು ವೀಕ್ಷಕರ ತೀರ್ಪು

ಒಂದು ಕಾರ್ಯಕ್ರಮ ಜನರ ಮುಂದೆ ಬರುವ ಮೊದಲೇ, ಅದನ್ನು ಪ್ರಸಾರ ಮಾಡಬೇಕಾದವರೇ ಅದು ಸೋಲುತ್ತದೆ ಎಂದು ತೀರ್ಮಾನಿಸಿಬಿಟ್ಟರೆ ಏನಾಗುತ್ತದೆ? 1965ರಲ್ಲಿ ಅಮೆರಿಕದ ಸಿಬಿಎಸ್ ವಾಹಿನಿಯಲ್ಲಿ ಆದದ್ದು ಅದೇ. ‘ಎ ಚಾರ್ಲಿ ಬ್ರೌನ್ ಕ್ರಿಸ್ಮಸ್’ ಎಂಬ ಅರ್ಧ ಗಂಟೆಯ ಕಾರ್ಟೂನ್ ಚಿತ್ರ ವಾಹಿನಿಯ ಅಧಿಕಾರಿಗಳಿಗೆ ಸ್ವಲ್ಪವೂ ಹಿಡಿಸಲಿಲ್ಲ. ಕಥೆ ತೀರಾ ನಿಧಾನ. ಮಕ್ಕಳ ಚಿತ್ರಕ್ಕೆ ಜಾಝ್ ಸಂಗೀತ. ಆ ಕಾಲದ ಹಾಸ್ಯ ಕಾರ್ಯಕ್ರಮಗಳಲ್ಲಿ ಕಡ್ಡಾಯವೆಂಬಂತೆ ಕೇಳಿಬರುತ್ತಿದ್ದ ಮುದ್ರಿತ ನಗು ಇಲ್ಲಿ ಇಲ್ಲವೇ ಇಲ್ಲ. ಇದೆಲ್ಲ ಸಾಲದೆಂಬಂತೆ ನಡುವೆ ಬೈಬಲಿನ ವಾಚನ ಬೇರೆ. ಆದರೆ ಪ್ರಸಾರದ ದಿನ ಆಗಲೇ ಗೊತ್ತಾಗಿತ್ತು, ಹಿಂದೆ ಸರಿಯುವಂತಿರಲಿಲ್ಲ. ಡಿಸೆಂಬರ್ 9ರ ರಾತ್ರಿ ಚಿತ್ರ ಪ್ರಸಾರವಾಯಿತು. ಆ ಹೊತ್ತಿನಲ್ಲಿ ಟಿ.ವಿ. ಮುಂದೆ ಕುಳಿತಿದ್ದವರಲ್ಲಿ ಸುಮಾರು ಅರ್ಧದಷ್ಟು ಮಂದಿ ಅದನ್ನೇ ನೋಡಿದರು. ಮರುವರ್ಷ ಅದಕ್ಕೆ ಎಮ್ಮಿ ಪ್ರಶಸ್ತಿ ಬಂತು. ಪೀಬಾಡಿ ಪ್ರಶಸ್ತಿಯೂ ಬಂತು.

ಅಧಿಕಾರಿಗಳು ಸೋತರು, ವೀಕ್ಷಕರು ಗೆದ್ದರು ಎಂಬ ಈ ಕಥೆಯನ್ನು ಅಮೆರಿಕದ ಪತ್ರಿಕೆಗಳು ಪ್ರತಿ ಡಿಸೆಂಬರಿನಲ್ಲೂ ಹೇಳುತ್ತ ಬಂದಿವೆ. ಕಥೆ ಸುಳ್ಳಲ್ಲ. ಆದರೆ ವೀಕ್ಷಕರ ಅಭಿಪ್ರಾಯವೆಂಬುದು ಒಂದೇ ಧ್ವನಿಯದ್ದಲ್ಲ. ಆರು ದಶಕಗಳಲ್ಲಿ ಈ ಪುಟ್ಟ ಚಿತ್ರದ ಬಗ್ಗೆ ಜನರು ಹೇಳುತ್ತ ಬಂದಿರುವುದನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ, ಹಬ್ಬ, ವ್ಯಾಪಾರ ಮತ್ತು ಧರ್ಮದ ಕುರಿತು ಒಂದು ಸಮಾಜ ತನ್ನೊಂದಿಗೆ ತಾನೇ ನಡೆಸಿದ ವಾಗ್ವಾದ ಕಾಣಿಸುತ್ತದೆ. ನಮಗೆ ಆಸಕ್ತಿ ಇರುವುದು ಅದರಲ್ಲಿ.

ಮೊದಲು ಕಥೆ. ಚಾರ್ಲ್ಸ್ ಶುಲ್ಜ್ 1950ರಿಂದ ಪತ್ರಿಕೆಗಳಿಗೆ ಬರೆಯುತ್ತಿದ್ದ ‘ಪೀನಟ್ಸ್’ ಚಿತ್ರಮಾಲೆಯ ಹುಡುಗ ಚಾರ್ಲಿ ಬ್ರೌನ್. ಹಬ್ಬ ಹತ್ತಿರ ಬಂದಿದೆ, ಅವನಿಗೆ ಮಾತ್ರ ಸಂತೋಷವಿಲ್ಲ. ಅಂಚೆ ಪೆಟ್ಟಿಗೆಯಲ್ಲಿ ಅವನ ಹೆಸರಿಗೆ ಒಂದು ಶುಭಾಶಯ ಪತ್ರವೂ ಇಲ್ಲ. ತಂಗಿ ಸ್ಯಾಲಿ ಸಾಂಟಾಕ್ಲಾಸನಿಗೆ ಪತ್ರ ಬರೆಸುತ್ತ ನೋಟುಗಳನ್ನೇ ಕಳಿಸಿಬಿಡು ಎನ್ನುತ್ತಾಳೆ. ಐದು ಸೆಂಟಿಗೆ ಮನಶ್ಶಾಸ್ತ್ರದ ಸಲಹೆ ಮಾರುವ ಲೂಸಿಗೆ ಉಡುಗೊರೆಯಾಗಿ ಜಮೀನು ಬೇಕು. ಅವನ ನಾಯಿ ಸ್ನೂಪಿ ಕೂಡ ಬಹುಮಾನದ ಆಸೆಗೆ ತನ್ನ ಗೂಡನ್ನು ದೀಪಗಳಿಂದ ಸಿಂಗರಿಸಿದೆ. ಮಕ್ಕಳ ನಾಟಕಕ್ಕೆ ಮರವೊಂದನ್ನು ತರಲು ಹೋದ ಚಾರ್ಲಿ, ಥಳಥಳಿಸುವ ಅಲ್ಯೂಮಿನಿಯಂ ಮರಗಳ ನಡುವೆ ಯಾರಿಗೂ ಬೇಡವಾಗಿ ನಿಂತ ಒಂದು ಬಡಕಲು ಸಸಿಯನ್ನು ತರುತ್ತಾನೆ. ಎಲ್ಲರೂ ನಗುತ್ತಾರೆ. ನೊಂದ ಹುಡುಗ, ಈ ಹಬ್ಬದ ಅರ್ಥ ಏನೆಂದು ಬಲ್ಲವರು ಯಾರಾದರೂ ಇದ್ದಾರೆಯೇ ಎಂದು ಕೇಳುತ್ತಾನೆ. ಆಗ ಗೆಳೆಯ ಲೈನಸ್ ವೇದಿಕೆಯ ನಡುವೆ ನಿಂತು, ಲೂಕನ ಸುವಾರ್ತೆಯಿಂದ ಯೇಸುವಿನ ಜನನದ ಸುದ್ದಿಯನ್ನು ಕುರಿಗಾಹಿಗಳಿಗೆ ದೇವದೂತರು ತಿಳಿಸಿದ ಭಾಗವನ್ನು ಒಪ್ಪಿಸುತ್ತಾನೆ.

ಈ ಚಿತ್ರದ ಬಗ್ಗೆ ಮೊದಲಿನಿಂದಲೂ ಕೇಳಿಬಂದ ದೂರು, ಇದು ನಿಧಾನ ಮತ್ತು ಮಂಕು ಎಂಬುದು. ಇಂದು ಮೊದಲ ಬಾರಿ ನೋಡುವ ಮಕ್ಕಳೂ ಇದನ್ನೇ ಹೇಳಬಹುದು. ತಾಂತ್ರಿಕ ದೋಷಗಳಂತೂ ಎದ್ದು ಕಾಣುತ್ತವೆ. ಸಸಿಯ ಕೊಂಬೆಗಳ ಸಂಖ್ಯೆ ಒಂದು ದೃಶ್ಯದಿಂದ ಇನ್ನೊಂದಕ್ಕೆ ಬದಲಾಗುತ್ತದೆ. ನಿರ್ದೇಶಕ ಬಿಲ್ ಮೆಲೆಂಡೆಝ್ ಮತ್ತು ನಿರ್ಮಾಪಕ ಲೀ ಮೆಂಡೆಲ್ಸನ್ ಅವರಿಗೆ ಸಿಕ್ಕಿದ್ದು ಕೆಲವೇ ತಿಂಗಳ ಕಾಲಾವಕಾಶ. ಪಾತ್ರಗಳಿಗೆ ದನಿ ಕೊಟ್ಟದ್ದು ನಿಜವಾದ ಮಕ್ಕಳು. ಸ್ಯಾಲಿಯ ಪಾತ್ರಕ್ಕೆ ದನಿಯಾದ ಮಗುವಿಗೆ ಇನ್ನೂ ಓದಲು ಬರುತ್ತಿರಲಿಲ್ಲ. ತುಂಡು ತುಂಡಾಗಿ ಹೇಳಿಕೊಟ್ಟು ಮಾತುಗಳನ್ನು ಮುದ್ರಿಸಿಕೊಳ್ಳಬೇಕಾಯಿತು. ಆದರೆ ಆ ತಡವರಿಕೆಯಲ್ಲೇ ಒಂದು ಸತ್ಯವಿದೆ. ದೊಡ್ಡವರು ಮಕ್ಕಳಂತೆ ನಟಿಸಿ ಆಡುವ ಮಾತಿನ ನಯ ಇಲ್ಲಿಲ್ಲ. ವಿನ್ಸ್ ಗುರಾಲ್ಡಿಯ ಪಿಯಾನೋ ಕೂಡ ನಗಿಸಲು ಅವಸರ ಮಾಡುವುದಿಲ್ಲ. ಹಬ್ಬದ ದಿನವೂ ಮನಸ್ಸು ಭಾರವಾಗಿರಬಹುದು ಎಂಬುದನ್ನು ಟಿ.ವಿ. ಒಪ್ಪಿಕೊಳ್ಳುವುದು ಅಪರೂಪ. ಎಲ್ಲರೂ ನಗುತ್ತಿರುವಾಗ ನನಗೇಕೆ ನಗು ಬರುತ್ತಿಲ್ಲ ಎಂದು ಅಂಜಿದ ಎಷ್ಟೋ ವೀಕ್ಷಕರಿಗೆ ಈ ಚಿತ್ರ ಜೊತೆಗಾರನಾಯಿತು. ಅಧಿಕಾರಿಗಳು ದೋಷವೆಂದು ಎಣಿಸಿದ್ದೇ ಅದರ ಬಲವಾಗಿತ್ತು.

ಎರಡನೆಯ ಆಕ್ಷೇಪ ಹೆಚ್ಚು ಗಂಭೀರವಾದುದು. ಹಬ್ಬದ ವ್ಯಾಪಾರೀಕರಣವನ್ನು ಟೀಕಿಸುವ ಈ ಚಿತ್ರಕ್ಕೆ ಹಣ ಹಾಕಿದ್ದು ಕೋಕಾ-ಕೋಲಾ ಕಂಪನಿ. ಮೊದಲ ಪ್ರಸಾರದಲ್ಲಿ ಮಂಜಿನ ಮೇಲೆ ಜಾರುತ್ತಿದ್ದ ಲೈನಸ್ ಹೋಗಿ ಬೀಳುವುದು ಕೋಕಾ-ಕೋಲಾ ಫಲಕದ ಮೇಲೆಯೇ! ಮುಂದಿನ ವರ್ಷಗಳಲ್ಲಿ ಆ ತುಣುಕನ್ನು ತೆಗೆದುಹಾಕಲಾಯಿತು. ಜಾಹೀರಾತುಗಳ ಅವಧಿ ಹೆಚ್ಚಿದಂತೆ ಚಿತ್ರದ ಇತರ ದೃಶ್ಯಗಳಿಗೂ ಕತ್ತರಿ ಬಿತ್ತು. ಈಗ ಅಮೆರಿಕದ ಅಂಗಡಿಗಳಲ್ಲಿ ‘ಚಾರ್ಲಿ ಬ್ರೌನ್ ಮರ’ ಎಂಬ ಹೆಸರಿನಲ್ಲೇ ಒಂದು ಕೆಂಪು ಚೆಂಡು ತೂಗಿಸಿದ ಕೃತಕ ಸಸಿ ಮಾರಾಟಕ್ಕಿದೆ. ಯಾರಿಗೂ ಬೇಡವಾದ ಮರವನ್ನೂ ಮಾರುಕಟ್ಟೆ ಬಿಡಲಿಲ್ಲ. ಹಾಗಿದ್ದರೆ ಇದೆಲ್ಲ ಬರೀ ಬೂಟಾಟಿಕೆಯೇ?

ನಮಗೆ ಹಾಗನಿಸುವುದಿಲ್ಲ. ಏಕೆಂದರೆ ಚಿತ್ರವೇ ತನ್ನನ್ನು ಅಷ್ಟು ಪರಿಶುದ್ಧವೆಂದು ಬಿಂಬಿಸಿಕೊಂಡಿಲ್ಲ. ಕೊನೆಯ ದೃಶ್ಯವನ್ನು ಗಮನವಿಟ್ಟು ನೋಡಬೇಕು. ಒಂದೇ ಚೆಂಡಿನ ಭಾರಕ್ಕೆ ಬಾಗಿದ ಸಸಿಯನ್ನು ಕಂಡು, ತಾನೇ ಅದನ್ನು ಕೊಂದೆನೆಂದು ಚಾರ್ಲಿ ಹೊರಟುಹೋಗುತ್ತಾನೆ. ಹಿಂದೆಯೇ ಬಂದ ಮಕ್ಕಳಲ್ಲಿ ಲೈನಸ್ ತಾನು ಎಂದೂ ಕೈಬಿಡದ ಹೊದಿಕೆಯನ್ನು ಅದರ ಬುಡಕ್ಕೆ ಸುತ್ತುತ್ತಾನೆ. ಉಳಿದವರು ಸಸಿಯನ್ನು ಸಿಂಗರಿಸುತ್ತಾರೆ. ಆ ಅಲಂಕಾರವೆಲ್ಲ ಎಲ್ಲಿಂದ ಬಂತು? ಸ್ಪರ್ಧೆಯಲ್ಲಿ ಬಹುಮಾನ ಗೆದ್ದ ಸ್ನೂಪಿಯ ಗೂಡಿನಿಂದ! ಅಂದರೆ ಶುಲ್ಜ್ ಮಾರುಕಟ್ಟೆಯ ವಸ್ತುಗಳನ್ನು ಬೀದಿಗೆ ಎಸೆಯುವುದಿಲ್ಲ. ಸ್ಪರ್ಧೆಗಾಗಿ ತಂದದ್ದನ್ನು ಸ್ನೇಹಕ್ಕಾಗಿ ಬಳಸುತ್ತಾರೆ. ನಕ್ಕವರೇ ಬಂದು ಕೈಜೋಡಿಸುತ್ತಾರೆ. ವ್ಯಾಪಾರ ಕೆಟ್ಟದ್ದು, ಧರ್ಮ ಒಳ್ಳೆಯದು ಎಂದು ಎರಡು ಸಾಲಿನಲ್ಲಿ ಈ ಚಿತ್ರದ ಸಾರ ಹೇಳುವವರು, ಅವರು ಅಭಿಮಾನಿಗಳಿರಲಿ, ವಿರೋಧಿಗಳಿರಲಿ, ಈ ದೃಶ್ಯವನ್ನು ಸರಿಯಾಗಿ ನೋಡಿದಂತೆ ಕಾಣುವುದಿಲ್ಲ.

ಇನ್ನು ಧರ್ಮದ ಪ್ರಶ್ನೆ. ಬೈಬಲಿನ ಭಾಗ ಬೇಕೇ ಎಂದು ಮೆಂಡೆಲ್ಸನ್ ಮತ್ತು ಮೆಲೆಂಡೆಝ್ ಹಿಂಜರಿದಾಗ, ಅದನ್ನು ನಾವಲ್ಲದೆ ಇನ್ನಾರು ಮಾಡುತ್ತಾರೆ ಎಂಬರ್ಥದಲ್ಲಿ ಶುಲ್ಜ್ ಪಟ್ಟು ಹಿಡಿದರು. ಅಲ್ಲಿಂದೀಚೆಗೆ ಆ ಒಂದು ನಿಮಿಷವೇ ವೀಕ್ಷಕರನ್ನು ಎರಡು ಪಾಳಯವಾಗಿಸಿದೆ. ಕೆಲವರಿಗೆ ಅದು ಚಿತ್ರದ ಹೃದಯ. ಇನ್ನು ಕೆಲವರಿಗೆ ಎಲ್ಲ ಧರ್ಮದವರೂ ನೋಡುವ ವಾಹಿನಿಯಲ್ಲಿ ಅದು ಸಲ್ಲದ ಉಪದೇಶ. 2015ರಲ್ಲಿ ಕೆಂಟಕಿ ರಾಜ್ಯದ ಜಾನ್ಸನ್ ಕೌಂಟಿಯ ಸರಕಾರಿ ಶಾಲೆಯೊಂದರಲ್ಲಿ ಮಕ್ಕಳು ಈ ಕಥೆಯನ್ನು ನಾಟಕವಾಗಿ ಆಡಿದಾಗ ಬೈಬಲಿನ ಭಾಗವನ್ನು ಕೈಬಿಡಲಾಗಿತ್ತು. ಆಗ ಸಭಿಕರಲ್ಲಿ ಕೆಲವರು ತಾವೇ ದನಿ ಎತ್ತಿ ಅದನ್ನು ಪಠಿಸಿದರು.

ಎರಡೂ ಕಡೆಯವರು ಏನನ್ನೋ ಕಳೆದುಕೊಂಡರೆಂದೇ ನಮಗೆ ಅನಿಸುತ್ತದೆ. ಚಾರ್ಲಿಯ ಪ್ರಶ್ನೆಯನ್ನು ಉಳಿಸಿಕೊಂಡು ಉತ್ತರವನ್ನು ಕಿತ್ತುಹಾಕಿದರೆ ಆ ಕಥೆ ಟೊಳ್ಳಾಗುತ್ತದೆ. ಕಾನೂನಿನ ತೊಡಕಿದ್ದರೆ ಬೇರೊಂದು ನಾಟಕವನ್ನೇ ಆರಿಸಿಕೊಳ್ಳಬಹುದಿತ್ತು. ಆದರೆ ಸಭೆಯಿಂದ ಎದ್ದ ದನಿಯೂ ಲೈನಸ್‌ನದ್ದಲ್ಲ. ಲೈನಸ್ ಮಾತಾಡುವುದು ಗೆಳೆಯನೊಬ್ಬ ಸಂಕಟದಿಂದ ಕೇಳಿದ ಮೇಲೆ. ಮೆಲುದನಿಯಲ್ಲಿ ಹೇಳಿ ಮುಗಿಸುತ್ತಾನೆ, ಮರಳಿ ಹೊದಿಕೆ ಎತ್ತಿಕೊಂಡು ಗೆಳೆಯನ ಬಳಿ ಬರುತ್ತಾನೆ. ಯಾರನ್ನೂ ಒಪ್ಪಿಸಲು ಹೋಗುವುದಿಲ್ಲ, ಯಾರನ್ನೂ ಸೋಲಿಸುವುದಿಲ್ಲ. ಕೇಳಿದವನಿಗೆ ಕೊಟ್ಟ ಉತ್ತರವೇ ಬೇರೆ, ಎದುರಾಳಿಗೆ ಕೇಳಿಸಲೆಂದು ಎತ್ತಿದ ದನಿಯೇ ಬೇರೆ. ಮೊದಲನೆಯದರಲ್ಲಿ ವಿಶ್ವಾಸವಿದೆ, ಎರಡನೆಯದರಲ್ಲಿ ಪಾಳಯವಿದೆ. ಲೂಕನ ವೃತ್ತಾಂತದ ಎಲ್ಲವನ್ನೂ ಒಪ್ಪದವರೂ ಲೈನಸ್‌ನನ್ನು ಗೌರವದಿಂದ ಕೇಳಬಲ್ಲರು. ಹಝ್ರತ್ ಈಸಾ(ಅ)ರ ಜನನವನ್ನು ಖರ್ಜೂರದ ಮರದ ಬುಡದಲ್ಲಿ ನಿಲ್ಲಿಸಿ ಹೇಳುವ ಕುರ್‌ಆನಿನ ಮರ್ಯಮ್ ಅಧ್ಯಾಯವನ್ನು ಓದಿದ ಓದುಗರಿಗೆ ಇದನ್ನು ವಿವರಿಸಬೇಕಾಗಿಲ್ಲ.

ವೀಕ್ಷಕರು ಯಾವಾಗಲೂ ಸರಿ ಎಂದು ನಾವು ವಾದಿಸುತ್ತಿಲ್ಲ. ಆದರೆ ತಯಾರಕರಿಗೆ ಕಾಣದ್ದು ಅವರಿಗೆ ಕಾಣುವುದುಂಟು. 1965ರ ಚಿತ್ರದಲ್ಲಿ ಒಬ್ಬನೇ ಒಬ್ಬ ಕರಿಯ ಮಗುವಿಲ್ಲ. 1968ರಲ್ಲಿ, ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯ ಬಳಿಕ ಶಿಕ್ಷಕಿಯೊಬ್ಬರು ಶುಲ್ಜ್‌ಗೆ ಪತ್ರ ಬರೆದು ಕೇಳಿಕೊಂಡರು. ಅದೇ ವರ್ಷ ಫ್ರಾಂಕ್ಲಿನ್ ಎಂಬ ಹುಡುಗ ಚಿತ್ರಮಾಲೆಗೆ ಬಂದ. ಆದರೆ 1973ರ ಥ್ಯಾಂಕ್ಸ್‌ಗಿವಿಂಗ್ ಚಿತ್ರದಲ್ಲಿ ಅವನು ಊಟದ ಮೇಜಿನ ಒಂದು ಬದಿಯಲ್ಲಿ ಒಂಟಿಯಾಗಿ ಕುಳಿತಿದ್ದಾನೆ. ಉಳಿದವರಾರೂ ಆ ಬದಿಯಲ್ಲಿಲ್ಲ. ವೀಕ್ಷಕರು ಇದನ್ನು ಎತ್ತಿ ತೋರಿಸುತ್ತಲೇ ಬಂದರು. 2024ರಲ್ಲಿ ಫ್ರಾಂಕ್ಲಿನ್‌ನ ಕುರಿತೇ ಬಂದ ಹೊಸ ಚಿತ್ರದಲ್ಲಿ, ಅದೇ ರೀತಿ ಒಂಟಿಯಾಗಿ ಕುಳಿತವನನ್ನು ಲೈನಸ್ ತನ್ನ ಪಕ್ಕಕ್ಕೆ ಕರೆಯುತ್ತಾನೆ. ಒಂದು ಕುರ್ಚಿ ಮೇಜಿನ ಈ ಬದಿಯಿಂದ ಆ ಬದಿಗೆ ಬರಲು ಅರ್ಧ ಶತಮಾನ ಹಿಡಿಯಿತು.

ಕೊನೆಯದಾಗಿ, ಈ ಚಿತ್ರ ಯಾರದ್ದು? 2000ದವರೆಗೆ ಸಿಬಿಎಸ್, ನಂತರ 2019ರವರೆಗೆ ಎಬಿಸಿ ಪ್ರತಿ ವರ್ಷ ಇದನ್ನು ಉಚಿತವಾಗಿ ಮನೆಮನೆಗೆ ತಲುಪಿಸುತ್ತಿದ್ದವು. 2020ರಲ್ಲಿ ಹಕ್ಕು ಆಪಲ್ ಕಂಪನಿಯ ಪಾಲಾಯಿತು. ಜನ ಸಿಟ್ಟಾದರು, ಸಹಿ ಸಂಗ್ರಹಿಸಿದರು. ಕಂಪನಿ ಸ್ವಲ್ಪ ಬಗ್ಗಿತು. 2020 ಮತ್ತು 2021ರಲ್ಲಿ ಸಾರ್ವಜನಿಕ ವಾಹಿನಿ ಪಿಬಿಎಸ್‌ನಲ್ಲಿ ಚಿತ್ರ ಬಂತು. 2022ರಲ್ಲಿ ಅದೂ ನಿಂತಿತು. ಉಳಿದದ್ದು, ಕಂಪನಿಯದ್ದೇ ವೇದಿಕೆಯಲ್ಲಿ ಡಿಸೆಂಬರಿನ ಕೆಲವೇ ದಿನಗಳ ಉಚಿತ ಅವಕಾಶ. ಚಂದಾ ಕಟ್ಟಲಾಗದ ಮನೆಗೆ ಹಬ್ಬ ಇಷ್ಟೇ ದಿನ ಎಂದು ಕಂಪನಿಯೇ ನಿಗದಿಪಡಿಸಿದಂತಾಯಿತು.

ಚಿತ್ರ ನಿಧಾನ, ಉಪದೇಶ ಹೆಚ್ಚು, ಮಕ್ಕಳು ಚಾರ್ಲಿಯನ್ನು ಹೀಯಾಳಿಸುವುದು ಕ್ರೂರ ಎಂದೆಲ್ಲ ವೀಕ್ಷಕರು ಹೇಳಿದ್ದಾರೆ, ಇನ್ನೂ ಹೇಳುತ್ತಾರೆ. ಅದು ಅವರ ಹಕ್ಕು. ಆದರೆ ಹಾಗೆ ಜಗಳವಾಡಲೂ ಮೊದಲು ಎಲ್ಲರೂ ನೋಡಿರಬೇಕು. ಶ್ರೀಮಂತನ ಮನೆಯಲ್ಲೂ ಬಡವನ ಮನೆಯಲ್ಲೂ ಒಂದೇ ರಾತ್ರಿ ಒಂದೇ ಚಿತ್ರ ಮೂಡುತ್ತಿದ್ದ ಕಾಲದಲ್ಲಿ ಆ ಜಗಳ ಇಡೀ ಊರಿನದ್ದಾಗಿತ್ತು. ಅಂದು ಚಿತ್ರ ಬೇಡವೆಂದವರು ವಾಹಿನಿಯ ಅಧಿಕಾರಿಗಳು, ಅವರನ್ನು ಜನ ಒಂದೇ ರಾತ್ರಿಯಲ್ಲಿ ಸುಳ್ಳಾಗಿಸಿದರು. ಇಂದು ಚಿತ್ರ ಬೇಕೆಂದೇ ಕೊಂಡವರ ಮುಂದೆ ಆ ಜನರ ತೀರ್ಪಿಗೆ ಎಷ್ಟು ಬೆಲೆ ಉಳಿದಿದೆ ಎಂಬುದನ್ನು ಓದುಗರೇ ಯೋಚಿಸಲಿ.